ಸಾಹೇಬನಿಗೆ ಕಲಿಸಿದ್ದು

ನಾಯಿ ಫೇಲಾಗಲಿ ಎಂದು ತಾನು ಬಯಸುತ್ತಿದ್ದೇನೆಯೇ ಎಂಬ ಅನುಮಾನ ಅವನಿಗೆ ಬಂದದ್ದು ಹಲ್ಲುಜ್ಜುವಾಗ. ಬಾಯಿತುಂಬ ನೊರೆ ಇದ್ದದ್ದರಿಂದ ತಕ್ಷಣ ಉತ್ತರ ಹೇಳಿಕೊಳ್ಳುವ ಅಗತ್ಯ ಬೀಳಲಿಲ್ಲ. ಛೆ, ಎಂಥಾ ಯೋಚನೆ, ಎಂದುಕೊಂಡು ಉಗುಳಿದ. ಬಚ್ಚಲ ಬಾಗಿಲಿನ ಕೆಳಗಿನ ಸಂದಿಯಲ್ಲಿ ಸಾಹೇಬನ ಮೂಗು ಕಾಣುತ್ತಿತ್ತು, ಕಪ್ಪಗೆ, ಒದ್ದೆಯಾಗಿ, ಆಗಾಗ ಅತ್ತಿತ್ತ ಸರಿಯುತ್ತ. ಅವನು ಎಲ್ಲಿ ಹೊಕ್ಕರೂ ಬಾಗಿಲ ಹೊರಗೆ ಕಾಯಬೇಕೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಗಳನ್ನು ತಯಾರು ಮಾಡುವ ಶಾಲೆಯೊಂದರ ಮರಿ ಅದು. ಎಳೆಯದಿದ್ದಾಗ ತಂದು ಯಾರದಾದರೂ ಮನೆಯಲ್ಲಿ ಬಿಡುತ್ತಾರೆ. ಆ ಮನೆಯವರು ಅದಕ್ಕೆ ಜನ, ಬಸ್ಸು, ಮೆಟ್ಟಿಲು, ಗದ್ದಲ ಎಲ್ಲವನ್ನೂ ರೂಢಿ ಮಾಡಿಸಿ, ಬೆಳೆದ ಮೇಲೆ ವಾಪಸ್ಸು ಒಪ್ಪಿಸಬೇಕು. ಮುಂದಿನ ವಿದ್ಯೆ ಶಾಲೆಯದು. ಇವತ್ತು ಶಾಲೆಯ ತರಬೇತುದಾರೆ ಬಂದು ಅದರ ನಡಿಗೆಯನ್ನು ನೋಡುವವಳಿದ್ದಳು. ಪಾಸಾದರೆ ಇನ್ನು ಕೆಲವು ವಾರಗಳಲ್ಲಿ ಅದು ಹೊರಟ ಹಾಗೆಯೇ. ಫೇಲಾದರೆ ಶಾಲೆ ಕೈಬಿಡುತ್ತದೆ, ಆಗ ಸಾಕಿದವರೇ ಇಟ್ಟುಕೊಳ್ಳಬಹುದು. ಈ ಕೊನೆಯ ಮಾತನ್ನು ಮೊದಲ ದಿನವೇ ಹೇಳಿದ್ದರು; ಅವನು ಅದು ತನಗೆ ಸಂಬಂಧವೇ ಇಲ್ಲವೆಂಬಂತೆ ತಲೆಯಾಡಿಸಿ, ಅವರು ಹೇಳಿದ್ದರಲ್ಲಿ ಅದೊಂದನ್ನೇ ನೆನಪಿಟ್ಟುಕೊಂಡಿದ್ದ.

ಸಾಹೇಬ ಮನೆಗೆ ಬಂದದ್ದೇ ಅವನ ಒಂದು ಎಡವಟ್ಟಿನಿಂದ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಅವನಿಗೆ ಕೆಲಸ. ನಲ್ಲಿಯಲ್ಲಿ ನೀರು ಬಾರದವರು ಬಂದು ಕೂಗಾಡುತ್ತಾರೆ, ಅವನು 'ಗಮನಕ್ಕೆ ತರ್ತೀನಿ' ಎನ್ನುತ್ತಾನೆ. ಯಾರ ಗಮನಕ್ಕೆ ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಅವನಿಗೂ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಆ ಶಾಲೆಯವರು ಕಚೇರಿಯ ಸಭಾಂಗಣಕ್ಕೆ ಬಂದು ಮಾತಾಡಿದರು. ಸೆಕೆ, ತಲೆಯ ಮೇಲಿನ ಫ್ಯಾನು ನಿಂತಿತ್ತು. ಅದನ್ನು ಹಾಕಿಸಲು ಜವಾನನ ಕಣ್ಣಿಗೆ ಬೀಳಲೆಂದು ಅವನು ಕೈಯೆತ್ತಿದ್ದಕ್ಕೂ, ವೇದಿಕೆಯ ಮೇಲಿಂದ 'ನಿಮ್ಮಲ್ಲಿ ಯಾರು ಒಂದು ಮರಿ ಸಾಕೋಕೆ ಮುಂದೆ ಬರ್ತೀರಿ' ಎಂದು ಕೇಳಿದ್ದಕ್ಕೂ ಸರಿಹೋಯಿತು. ಇಡೀ ಸಭೆ ತಿರುಗಿ ನೋಡಿ ಚಪ್ಪಾಳೆ ತಟ್ಟಿತು. ಆ ಕಚೇರಿಯಲ್ಲಿ ಅವನಿಗೆ ಚಪ್ಪಾಳೆ ಬಿದ್ದದ್ದು ಅದೇ ಮೊದಲು. ಫ್ಯಾನಿನ ವಿಷಯ ಗಂಟಲಲ್ಲೇ ಉಳಿಯಿತು. ಮನೆಗೆ ಬಂದು ಹೆಂಡತಿಗೆ, "ಸಮಾಜಕ್ಕೆ ಏನಾದ್ರೂ ಮಾಡ್ಬೇಕು ಅಂತ ಬಹಳ ದಿನದಿಂದ ಮನಸ್ಸಲ್ಲಿತ್ತು" ಎಂದ. ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ನಡುವಿನ ಹಂತಗಳನ್ನು ತೋರಿಸದೆ ಯಾವ ಉತ್ತರಕ್ಕೂ ಅಂಕ ಕೊಡುವವಳಲ್ಲ. "ಎಷ್ಟು ದಿನದಿಂದ ರೀ?" ಎಂದಷ್ಟೇ ಕೇಳಿದಳು. ಅವರ ಜೊತೆಯಲ್ಲೇ ಇದ್ದ ಅವಳ ತಾಯಿ, ಅಂದರೆ ಅವನ ಅತ್ತೆ, ಮರಿ ಬಂದಾಗ ಮೂಗು ಮುರಿದರು; ಸಂಜೆಯ ಹೊತ್ತಿಗೆ ಅದು ಅವರ ತೊಡೆಯ ಮೇಲಿತ್ತು. ಹೆಸರಿಟ್ಟವರೂ ಅವರೇ. "ಅಳಿಯಂದಿರು ಆಫೀಸಲ್ಲಿ ಸಾಹೇಬರಾಗೋದು ಯಾವಾಗ್ಲೋ ಏನೋ, ಮನೇಲಾದ್ರೂ ಒಬ್ಬರು ಇರ್ಲಿ" ಎಂದರು. ಅವನು ನಕ್ಕ. ಅತ್ತೆಯ ಮಾತಿಗೆ ನಗುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು.

ಆಮೇಲೆ ಶುರುವಾದದ್ದು ಅವನ ಕೀರ್ತಿಯ ದಿನಗಳು. ಮರಿಯ ಬೆನ್ನಿಗೆ 'ತರಬೇತಿಯಲ್ಲಿದೆ, ಮುಟ್ಟಬೇಡಿ' ಎಂದು ಬರೆದ ಹಳದಿ ಅಂಗಿ ಕಟ್ಟಿ ಬಸ್ಸು ಹತ್ತಿದರೆ ಜನ ಎದ್ದು ಜಾಗ ಬಿಡುತ್ತಿದ್ದರು. 'ನಿಮ್ಮಂಥೋರು ಅಪರೂಪ' ಎನ್ನುತ್ತಿದ್ದರು. 'ಏನೋ ನಮ್ಮ ಕೈಲಾದದ್ದು' ಎಂದು ಹೇಳಲು ಎಷ್ಟು ತಗ್ಗಿದ ದನಿ ಬೇಕು ಎಂಬುದನ್ನು ಅವನು ಸ್ನಾನ ಮಾಡುವಾಗ ಅಭ್ಯಾಸ ಮಾಡಿದ್ದ. 'ಬಿಟ್ಟುಕೊಡೋವಾಗ ಕಷ್ಟ ಆಗಲ್ವಾ' ಎಂದು ಯಾರಾದರೂ ಕೇಳಿದರೆ ಮಾತ್ರ ಕಿಟಕಿಯ ಆಚೆ ನೋಡುತ್ತ, ಇನ್ನೊಬ್ಬರ ಬೆಳಕು ಅದು, ನಮ್ಮದಲ್ಲ, ಎನ್ನುತ್ತಿದ್ದ. ಆ ಮಾತು ಅವನಿಗೇ ಎಷ್ಟು ಹಿಡಿಸಿತ್ತೆಂದರೆ ಯಾರೂ ಕೇಳದಿದ್ದಾಗ ಪ್ರಶ್ನೆಯನ್ನು ತಾನೇ ಎತ್ತಿಸುತ್ತಿದ್ದ. ಮನೆಯ ಒಳಗಿನ ಕಥೆ ಬೇರೆ. ಮರಿಗೆ ಮಾತನ್ನು ಒಂದೇ ಸಲ ಹೇಳಬೇಕು, ಕೂಗಬಾರದು, ಬೇಡಿಕೊಳ್ಳಬಾರದು ಎಂದು ನಿಯಮ. ಅದಕ್ಕೆ ಎರಡಕ್ಕೆ ಹೋಗುವಂತೆ ಹೇಳುವ ಮಾತು 'ಮುಗಿಸು'. ಅವನು ಬೀದಿಯ ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಮುಗಿಸು, ಮುಗಿಸಪ್ಪ, ಬೇಗ ಮುಗಿಸೋ ಮಹಾರಾಯ, ಎಂದು ಅಂಗಲಾಚುತ್ತಿದ್ದದ್ದನ್ನು ಮೇಲಿನ ಮನೆಯ ಬಾಲ್ಕನಿಯಿಂದ ನೋಡಿದವರು ಹೆಂಡತಿಯ ಬಳಿ, ನಿಮ್ಮ ಯಜಮಾನರಿಗೆ ಆಫೀಸಲ್ಲಿ ಏನಾದ್ರೂ ತೊಂದರೆಯಾ, ಎಂದು ವಿಚಾರಿಸಿದ್ದರು. ಸೋಫಾ ಹತ್ತಿಸಬಾರದೆಂಬ ಇನ್ನೊಂದು ನಿಯಮವನ್ನು ಅವನು ಅಕ್ಷರಶಃ ಪಾಲಿಸಿದ. ಸಾಹೇಬ ಸೋಫಾ ಹತ್ತಲಿಲ್ಲ, ಅವನು ಸೋಫಾ ಬಿಟ್ಟು ನೆಲದ ಮೇಲೆ ಅದರ ಪಕ್ಕ ಮಲಗಲು ಕಲಿತ. ಕಚೇರಿಯಲ್ಲಿ ಯಾರೋ ಬೈದ ದಿನ ಅದರ ಹೊಟ್ಟೆಯ ಮೇಲೆ ಕಿವಿಯಿಟ್ಟರೆ ಒಳಗೆ ಗುಡುಗುಡು ಸದ್ದು ಕೇಳುತ್ತಿತ್ತು, ಮತ್ತು ಆ ಸದ್ದಿಗೆ ಅವನ ಮೇಲೆ ಯಾವ ದೂರೂ ಇರಲಿಲ್ಲ.

ತರಬೇತುದಾರೆ ಬಂದಾಗ ಅತ್ತೆ ಬಾಗಿಲಲ್ಲೇ ಹಿಡಿದುಕೊಂಡರು. "ನೋಡಮ್ಮ, ಸಾಹೇಬರು ಬಿಸ್ಕತ್ತು ಕೆಳಗೆ ಬಿದ್ರೂ ಮೂಸಲ್ಲ. ಅಳಿಯಂದಿರೇ ಎತ್ಕೊಂಡು ತಿಂತಾರೆ, ಅದು ಮಾತ್ರ ಮುಟ್ಟಲ್ಲ." ಹೆಂಡತಿ ಶಾಲೆಗೆ ಹೊರಟವಳು ಬಗ್ಗಿ ಸಾಹೇಬನ ಹಣೆಗೆ ಹಣೆ ತಾಗಿಸಿ, "ಚೆನ್ನಾಗಿ ಮಾಡು" ಎಂದಳು, ಎದ್ದು ಗಂಡನ ಅಂಗಿಯ ಕಾಲರು ಸರಿಮಾಡಿ ಹೋದಳು. ತರಬೇತುದಾರೆಗೆ ಅವನ ಮಗಳ ವಯಸ್ಸು, ಅವನಿಗೆ ಮಗಳಿದ್ದಿದ್ದರೆ. ಮಾತು ಕಡಿಮೆ, ಷೂ ದಪ್ಪ. "ಸರ್, ನೀವು ದಿನಾ ಹೋಗೋ ದಾರೀಲೇ ಹೋಗಿ. ನಾನು ಹಿಂದೆ ಬರ್ತಿರ್ತೀನಿ. ನಾನಿದೀನಿ ಅಂತ ನೆನಪೇ ಇಟ್ಕೋಬೇಡಿ" ಎಂದಳು. ದಿನಾ ಹೋಗುವ ದಾರಿ ಎಂದ ಕೂಡಲೇ ಅವನು ಗೇಟಿನ ಬಲಗಡೆಗೆ ನೋಡಿದ. ಬೇರೆ ದಾರಿ ಹಿಡಿಯಬಹುದಿತ್ತು, ಅವಳಿಗೇನು ಗೊತ್ತಾಗುತ್ತಿತ್ತು. ಆದರೆ ಗೇಟು ದಾಟಿದ ಕೂಡಲೇ ಸಾಹೇಬ ಎಡಕ್ಕೆ ತಿರುಗಿಯಾಗಿತ್ತು.

ಆ ದಾರಿಯಲ್ಲಿ ಒಂದು ಕಟಿಂಗ್ ಅಂಗಡಿ. ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಗಿರಾಕಿಯಿಲ್ಲದ ಹೊತ್ತಿನಲ್ಲಿ ಹೆಗಲಿಗೆ ಟವೆಲ್ಲು ಹಾಕಿಕೊಂಡು ಬಾಗಿಲಲ್ಲಿ ನಿಲ್ಲುವ ಕ್ಷೌರಿಕ. ಕೂದಲು ಕಪ್ಪಗಿದ್ದಾಗಿನಿಂದ ಅವನ ತಲೆ ಆ ಮನುಷ್ಯನ ಕೈಯಲ್ಲೇ ಇತ್ತು. ಒಮ್ಮೆ ಅಂಗಡಿ ಮುಚ್ಚಿತ್ತೆಂದು ಮುಖ್ಯರಸ್ತೆಯಲ್ಲಿ ಹೊಸದಾಗಿ ತೆರೆದಿದ್ದ ಗಾಜಿನ ಬಾಗಿಲಿನ ಅಂಗಡಿಗೆ ಹೋದ. ಕತ್ತಿನ ತುಂಬ ಪೌಡರು ಬಳಿಸಿಕೊಂಡು ಹೊರಗೆ ಬರುವುದಕ್ಕೂ, ಜ್ವರದ ಮುಖದ ಕ್ಷೌರಿಕ ಪಕ್ಕದ ಔಷಧಿ ಅಂಗಡಿಯಿಂದ ಮಾತ್ರೆ ಹಿಡಿದು ಇಳಿಯುವುದಕ್ಕೂ ಸರಿಹೋಯಿತು. ಇಬ್ಬರೂ ನಕ್ಕರು. ಆಗಲೇ ಒಂದು ಮಾತು ಆಡಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು, ಅವನು ಆಡಲಿಲ್ಲ. ಮುಂದಿನ ತಿಂಗಳು ಹಳೆಯ ಅಂಗಡಿಗೆ ಯಾವ ಮುಖ ಹೊತ್ತುಕೊಂಡು ಹೋಗುವುದು ಎನ್ನಿಸಿತು. ಹೋಗದೆ ಇದ್ದದ್ದರಿಂದ ಅದರ ಮುಂದಿನ ತಿಂಗಳು ಇನ್ನೂ ಕಷ್ಟವಾಯಿತು. ಗಾಜಿನ ಬಾಗಿಲಿನವರು ಹೆಚ್ಚು ದುಡ್ಡು ತೆಗೆದುಕೊಂಡು ಕಿವಿಯ ಮೇಲೆ ಮೆಟ್ಟಿಲು ಕಟ್ಟಿ ಕಳಿಸುತ್ತಾರೆ, ಆದರೂ ಅಲ್ಲಿಗೇ ಹೋಗುತ್ತಾನೆ. ಹಾಗಾಗಿ ದಿನಾ ಬೆಳಿಗ್ಗೆ ದೂರದಿಂದ ಆ ಟವೆಲ್ಲು ಕಂಡದ್ದೇ ಅವನ ಕೈ ನಾಯಿಯ ಪಟ್ಟಿಯ ಮೇಲೆ ಬಿಗಿಯುತ್ತದೆ, ಕಾಲು ತಾನಾಗಿ ರಸ್ತೆ ಬದಿಯ ಹಳೇ ನೀಲಿ ವ್ಯಾನಿನ ಮರೆಗೆ ಸರಿಯುತ್ತದೆ. ಅಲ್ಲಿ ಕೂತು ನಾಯಿಯ ಪಾದಕ್ಕೆ ಮುಳ್ಳು ಚುಚ್ಚಿದೆಯೇನೋ ಎಂಬಂತೆ ನೋಡುತ್ತಾನೆ. ಟವೆಲ್ಲು ಒಳಗೆ ಹೋದ ಮೇಲೆ, ಗೆದ್ದ ಖುಷಿಯಲ್ಲಿ, "ಜಾಣ, ಜಾಣಮರಿ" ಎಂದು ಸಾಹೇಬನ ಬೆನ್ನು ತಟ್ಟುತ್ತಾನೆ. ನಾಯಿ ಸರಿಯಾದ್ದನ್ನು ಮಾಡಿದಾಗ ಮಾತ್ರ ಹೊಗಳಬೇಕು ಎಂದು ಶಾಲೆಯವರು ಹೇಳಿಯೇ ಕಳಿಸಿದ್ದರು.

ಅರ್ಧ ದಾರಿ ಎಲ್ಲವೂ ಸೊಗಸಾಗಿ ಹೋಯಿತು. ರಸ್ತೆಯ ಅಂಚು ಬಂದಲ್ಲಿ ಸಾಹೇಬ ಹೇಳದೆಯೇ ನಿಂತಿತು. ಬೆಕ್ಕೊಂದು ಗೋಡೆಯ ಮೇಲೆ ಬೆನ್ನು ಬಾಗಿಸಿದರೂ ಕತ್ತು ತಿರುಗಿಸಲಿಲ್ಲ. ಬೇಕರಿಯ ಮುಂದೆ ಬಿದ್ದಿದ್ದ ಬನ್ನನ್ನು ದಾಟಿಹೋಯಿತು; ಅವನೇ ಒಂದು ಸಲ ನೋಡಿದ. ಬೆನ್ನ ಹಿಂದೆ ದಪ್ಪ ಷೂಗಳ ಸದ್ದು ಬರುತ್ತಿತ್ತು, ಅವನ ಎದೆ ಉಬ್ಬುತ್ತ ಹೋಗುತ್ತಿತ್ತು, ಜೊತೆಗೇ ಕುಸಿಯುತ್ತಲೂ ಇತ್ತು. ಒಂದೊಂದು ಅಂಚು ದಾಟಿದಾಗಲೂ ಅದು ತನ್ನಿಂದ ಒಂದೊಂದು ಹೆಜ್ಜೆ ದೂರ ಹೋಗುತ್ತಿದೆ ಎನ್ನಿಸಿತು. ನಾಳೆ ಬಚ್ಚಲ ಬಾಗಿಲಿನ ಸಂದಿಯಲ್ಲಿ ಏನಿರುತ್ತದೆ? ಬರೀ ಬೆಳಕು. ಅದನ್ನೇ ಅಲ್ಲವೆ ನೀನು ಬಸ್ಸಿನಲ್ಲಿ ಹಂಚುತ್ತಿದ್ದದ್ದು, ಎಂದು ತನ್ನನ್ನೇ ಹಂಗಿಸಿಕೊಂಡ. ಅಷ್ಟರಲ್ಲಿ ಟವೆಲ್ಲು ಕಂಡಿತು. ಇವತ್ತು ನೇರ ಹೋಗಿಬಿಡುತ್ತೇನೆ, ಹಿಂದೆ ಪರೀಕ್ಷೆ ನಡೆಯುತ್ತಿದೆ, ತನ್ನದಲ್ಲ, ನಾಯಿಯದು, ಎಂದು ಅವನು ನಿರ್ಧರಿಸಿದ. ನಿರ್ಧಾರ ತಲೆಯಲ್ಲಿತ್ತು. ಕೈ ಎಂದಿನ ಹಾಗೆ ಬಿಗಿಯಿತು. ಸಾಹೇಬ ಅವನ ಮುಖವನ್ನೊಮ್ಮೆ ನೋಡಿ, ಸಮಸ್ಯೆ ಅರ್ಥವಾದವರ ಹಾಗೆ ಎಡಕ್ಕೆ ಹೊರಳಿ, ಅವನನ್ನು ಎಳೆದುಕೊಂಡು ವ್ಯಾನಿನ ಮರೆಗೆ ಹೋಗಿ ಕೂತು, ಮುಂಗಾಲನ್ನು ಎತ್ತಿ ಕೊಟ್ಟಿತು. ಮುಳ್ಳು ನೋಡು ಎಂದು. ತರಬೇತುದಾರೆ ಬಂದು ನೋಡುವಾಗ ಇಬ್ಬರೂ ವ್ಯಾನಿನ ಹಿಂದಿನ ಚಕ್ರಕ್ಕೆ ಒತ್ತಿಕೊಂಡು ಕೂತಿದ್ದರು.

"ಏನಾಯ್ತು ಸರ್?" ಎಂದಳು. ನಿಜ ಹೇಳಲು ಅವನಿಗೆ ಒಂದು ಗಳಿಗೆ ಇತ್ತು. ನಾನು ಕಟಿಂಗ್ ಅಂಗಡಿ ಬದಲಾಯಿಸಿದೆ, ಅದಕ್ಕೆ, ಎಂದು ಆ ದಪ್ಪ ಷೂಗಳ ಮುಂದೆ ಹೇಳುವುದನ್ನು ಊಹಿಸಿಕೊಂಡ. "ಗೊತ್ತಿಲ್ಲ ಮೇಡಂ, ಜನರನ್ನ ಕಂಡ್ರೆ ಸ್ವಲ್ಪ ಹೆದರುತ್ತೆ ಅನ್ಸುತ್ತೆ" ಎಂದುಬಿಟ್ಟ. ನಾಲಗೆ ಕಚ್ಚಿಕೊಳ್ಳುವುದರೊಳಗೆ ಮಾತು ಆಚೆ ಬಂದಿತ್ತು. ತಾನು ಹೆದರಿದ್ದನ್ನು ತನ್ನ ಪಾದದ ಬಳಿ ಕೂತು ಬಾಲ ಆಡಿಸುತ್ತಿದ್ದ ಪ್ರಾಣಿಯ ತಲೆಗೆ ಕಟ್ಟಿದ್ದ. ತರಬೇತುದಾರೆಯ ಮುಖ ಗಂಭೀರವಾಯಿತು. "ಜನರಿಗೆ ಹೆದರೋ ನಾಯಿ ನಮಗೆ ಆಗಲ್ಲ ಸರ್. ಬೇರೆ ಏನಿದ್ರೂ ತಿದ್ದಬಹುದು, ಇದೊಂದು ಆಗಲ್ಲ." ಬಗ್ಗಿ ಸಾಹೇಬನ ಕಿವಿ ಸವರಿದಳು. "ಇನ್ನೊಂದ್ಸಲ ನೋಡೋಣ. ನೀವು ಆ ತಿರುವಿಂದ ಮತ್ತೆ ಬನ್ನಿ, ನಾನು ಆ ಕಟಿಂಗ್ ಶಾಪ್ ಹತ್ರ ನಿಂತಿರ್ತೀನಿ. ಮತ್ತೆ ಹಿಂಗೇ ಮಾಡಿದ್ರೆ ಇವತ್ತೇ ತೆಗೆದುಹಾಕ್ಬೇಕಾಗುತ್ತೆ. ನಿಮಗೆ ಇಷ್ಟ ಇದ್ರೆ ನೀವೇ ಇಟ್ಕೋಬಹುದು." ಅವನು, ಅಯ್ಯೋ ಪಾಪ, ಎಂದ. ಮುಖದಲ್ಲಿ ದುಃಖ ತಂದುಕೊಳ್ಳಲು ಪಟ್ಟ ಪಾಡು ಅಷ್ಟಿಷ್ಟಲ್ಲ.

ಅವನು ತಿರುವಿಗೆ ಹಿಂದಿರುಗಿ ನಿಂತ. ಮಾಡಬೇಕಾದದ್ದು ಏನೂ ಇರಲಿಲ್ಲ. ಇದ್ದ ಹಾಗೆ ಇದ್ದರೆ ಸಾಕು, ಕೈ ತಾನಾಗಿ ಬಿಗಿಯುತ್ತದೆ, ಸಾಹೇಬ ತಾನಾಗಿ ಹೊರಳುತ್ತದೆ, ಸಂಜೆ ಮನೆಯಲ್ಲಿ ಮಲಗಿರುತ್ತದೆ, ಮುಂದೆ ಎಲ್ಲ ಸಂಜೆಗಳೂ ಹಾಗೆಯೇ. ಹುಟ್ಟಿದಾಗಿನಿಂದ ಅವನಿಗೆ ನಷ್ಟವನ್ನೇ ತಂದ ಹೇಡಿತನಕ್ಕೆ ಮೊದಲ ಸಲ ಬಹುಮಾನ ಸಿಗುವುದರಲ್ಲಿತ್ತು. ಕಚೇರಿಯಲ್ಲಿ ಏನು ಹೇಳಬೇಕೆಂಬುದೂ ಹೊಳೆದುಬಿಟ್ಟಿತ್ತು: ನಾನೇನೋ ಕೊಡೋಕೆ ಸಿದ್ಧನಿದ್ದೆ, ಅದರ ಹಣೆಬರಹ. 'ನಡಿ' ಎಂದ, ಒಂದೇ ಸಲ. ಸಾಹೇಬ ಹೊರಟಿತು. ಅದರ ಭುಜಗಳು ಹಳದಿ ಅಂಗಿಯ ಅಡಿಯಲ್ಲಿ ಏರಿಳಿಯುವುದನ್ನು ನೋಡುತ್ತಿದ್ದಾಗ ಯಾಕೋ ನಾಯಿ ಶಾಲೆಯ ವಾರ್ಷಿಕೋತ್ಸವದಲ್ಲಿ ಸಿಕ್ಕಿದ ಹೆಂಗಸಿನ ನೆನಪಾಯಿತು. ಕಣ್ಣು ಕಾಣದವಳು, ಯಾವುದೋ ಬ್ಯಾಂಕಿನ ಫೋನು ವಿಭಾಗದಲ್ಲಿದ್ದವಳು, ನಾಯಿಗಾಗಿ ಹೆಸರು ಕೊಟ್ಟು ಕಾಯುತ್ತಿದ್ದವಳು. ಅವನು ಅವಳ ಕೈಗೆ ಚಹಾದ ಲೋಟ ಕೊಟ್ಟಿದ್ದ, ಅದೂ ಯಾರೋ ನೋಡುತ್ತಿದ್ದರೆಂದು. "ನಾನು ಬರೋದು ಕಂಡ್ರೆ ಜನ ರಸ್ತೆ ದಾಟಿಬಿಡ್ತಾರೆ ಸರ್" ಎಂದಿದ್ದಳು ಅವಳು, ನಗುತ್ತಲೇ. "ಮಾತಾಡಿಸಿದ್ರೆ ಎಲ್ಲಿ ಕೈ ಹಿಡಿದು ಕರ್ಕೊಂಡು ಹೋಗ್ಬೇಕಾಗುತ್ತೋ ಅಂತ. ಹತ್ರ ಬರ್ತಿದ್ದ ಹೆಜ್ಜೆ ಸಪ್ಪಳ ಅಡ್ಡ ಹೊರಟುಹೋಗೋದು ನಂಗೆ ಕೇಳಿಸುತ್ತೆ." ಛೆ, ಎಂಥಾ ಜನ, ಎಂದಿದ್ದ ಅವನು. ಸ್ವಲ್ಪ ಹೊತ್ತಿಗೆ ಅವಳು ಕೈತೊಳೆಯುವ ಜಾಗ ಎಲ್ಲಿ ಎಂದು ಕೇಳುವ ಹಾಗೆ ಕಂಡಾಗ, ಸಪ್ಪಳವಾಗದಂತೆ ತುದಿಗಾಲಲ್ಲಿ ಸಭಾಂಗಣದ ಇನ್ನೊಂದು ಪಕ್ಕಕ್ಕೆ ನಡೆದುಬಿಟ್ಟಿದ್ದ.

ಅವಳಿಗೆ ಅದೂ ಕೇಳಿಸಿರುತ್ತದೆ ಎಂಬುದು ಅವನಿಗೆ ಹೊಳೆದದ್ದು ಈಗ, ಬೇಕರಿಯನ್ನು ದಾಟುವಾಗ. ಕಿವಿಯ ಬುಡ ಬಿಸಿಯಾಯಿತು. ಅಂಥವಳೊಬ್ಬಳು ಬೆಳಿಗ್ಗೆ ಮನೆ ಬಿಟ್ಟು ಬಾಗಿಲಿಗೆ ಬೀಗ ಹಾಕಿ ಹೊರಟಿರುತ್ತಾಳೆ. ಅವಳ ಪಕ್ಕದಲ್ಲಿ ನಡೆಯಬೇಕಾದ ನಾಯಿ ಇಲ್ಲಿ, ಒಬ್ಬ ದೂರು ವಿಭಾಗದ ಗುಮಾಸ್ತನ ಮನೆಯ ನೆಲದ ಮೇಲೆ, ಅವನ ಕಿವಿಗೆ ಹೊಟ್ಟೆಯ ಸದ್ದು ಕೇಳಿಸುತ್ತ ಮುದಿಯಾಗುತ್ತಿರುತ್ತದೆ. ಬೇಡ, ಇಂಥದ್ದೆಲ್ಲ ಯೋಚಿಸಬಾರದು, ಎಂದುಕೊಂಡ. ನಾಯಿಗಳಿಗೇನು ಬರವೇ, ಇನ್ನೊಂದು ಸಿಗುತ್ತದೆ ಅವಳಿಗೆ. ನನಗೆ ಸಿಗುವುದಿಲ್ಲ. ಇದು ನಿಜವೇ ಆಗಿತ್ತು, ಅದಕ್ಕೇ ಅವನ ಕಣ್ಣು ತುಂಬಿತು. ಟವೆಲ್ಲು ಕಂಡಿತು, ಅದರ ಪಕ್ಕದಲ್ಲಿ ದಪ್ಪ ಷೂಗಳು. ಕೈ ಬಿಗಿಯಿತು. ಸಾಹೇಬ ಮುಖ ಎತ್ತಿ ನೋಡಿ, ಎಡಕ್ಕೆ ಭುಜ ತಿರುಗಿಸಿತು. ಅವನನ್ನು ಬಚಾವು ಮಾಡಲು ಲೋಕದಲ್ಲಿ ಅದೊಂದು ಜೀವ ಸದಾ ಸಿದ್ಧವಿತ್ತು. ಅವನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ; ಬೇರೆಯವರ ಬೆರಳು ಬಿಡಿಸುವಷ್ಟು ಕಷ್ಟವಾಯಿತು. ಪಟ್ಟಿ ಸಡಿಲವಾಗಿ ಜೋತುಬಿತ್ತು. ಸಾಹೇಬ ಗೊಂದಲದಿಂದ ನಿಂತಿತು. "ನಡಿ" ಎಂದ. ದನಿ ಒಡೆದಿತ್ತು, ಆದರೂ ಒಂದೇ ಸಲ ಹೇಳಿದ. ವ್ಯಾನನ್ನು ಬಿಟ್ಟು ಇಬ್ಬರೂ ನೇರವಾಗಿ ಕಟಿಂಗ್ ಅಂಗಡಿಯ ಮೆಟ್ಟಿಲವರೆಗೆ ನಡೆದರು.

"ಅದು ಹೆದರಿದ್ದಲ್ಲ ಮೇಡಂ" ಎಂದ ಅವನು. "ನಾನು ಸುಳ್ಳು ಹೇಳಿದೆ. ಹೆದರಿದ್ದು ನಾನು. ಇವರನ್ನ ನೋಡಿ." ಕ್ಷೌರಿಕನ ಕಡೆ ಕೈ ತೋರಿಸಿದ. ತರಬೇತುದಾರೆ ಕ್ಷೌರಿಕನನ್ನು ನೋಡಿದಳು. ಅವನಲ್ಲಿ ಹೆದರುವಂಥದ್ದೇನೂ ಕಾಣದೆ ಮತ್ತೆ ಇವನನ್ನು ನೋಡಿದಳು. "ನಾನು ಬೇರೆ ಕಡೆ ಕಟಿಂಗ್ ಮಾಡಿಸ್ತಿದೀನಿ. ಅದಕ್ಕೆ ದಿನಾ ವ್ಯಾನ್ ಹಿಂದೆ ಬಚ್ಚಿಟ್ಕೊಳ್ತೀನಿ. ಅದು ಕಲಿತುಬಿಡ್ತು." ಹೇಳಿ ಮುಗಿಸಿದಾಗ ಇಷ್ಟು ದೊಡ್ಡ ಗುಟ್ಟು ಇಷ್ಟೇ ಇಷ್ಟು ಮಾತಿನದೇ ಎಂದು ಅವಮಾನವಾಯಿತು. ಕ್ಷೌರಿಕ ಟವೆಲ್ಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡ. "ಗೊತ್ತು ಸಾರ್" ಎಂದ. "ಅದಕ್ಕೇ ನೀವು ಮರೆಗೆ ಹೋದ ಕೂಡ್ಲೇ ನಾನೂ ಒಳಗೆ ಹೋಗಿಬಿಡ್ತಿದ್ದೆ. ಆ ವ್ಯಾನ್ ನಮ್ಮ ತಮ್ಮಂದು. ಗುಜರಿಗೆ ಹಾಕ್ತೀನಿ ಅಂತಿದ್ದ. ಇರ್ಲಿ ಬಿಡೋ, ಬೆಳಿಗ್ಗೆ ಹೊತ್ತು ಸಾರ್‌ಗೆ ಬೇಕಾಗುತ್ತೆ ಅಂದಿದ್ದೆ." ಅವನು ಪೆಚ್ಚಾಗಿ ಹಲ್ಲು ಕಿರಿದ. ಭೂಮಿ ಬಾಯಿಬಿಡಬಾರದೇ ಎಂದುಕೊಂಡ, ಅದು ಬಿಡಲಿಲ್ಲ. ತರಬೇತುದಾರೆ ನಗಲಿಲ್ಲ, ಅದು ಅವಳ ದೊಡ್ಡತನ. ಅವನ ಕೈಯಿಂದ ಪಟ್ಟಿ ತೆಗೆದುಕೊಂಡು ಸಾಹೇಬನನ್ನು ಆ ತುದಿಯವರೆಗೆ ನಡೆಸಿಕೊಂಡು ಹೋಗಿ, ಕ್ಷೌರಿಕನ ಮುಂದೆ ಹಾಯಿಸಿಕೊಂಡು ವಾಪಸ್ಸು ಬಂದಳು. ಸಾಹೇಬ ಗೆರೆ ಎಳೆದ ಹಾಗೆ ನಡೆಯಿತು.

"ನಾಯಿಗೆ ಏನೂ ಆಗಿಲ್ಲ ಸರ್. ಬಹಳ ಒಳ್ಳೇ ನಾಯಿ, ಚೆನ್ನಾಗೇ ಬೆಳೆಸಿದೀರಿ" ಎಂದಳು. ಅವನು ಕಾದ. "ಆದ್ರೆ ಅದು ನಿಮ್ಮ ಕೈ ಓದೋಕೆ ಕಲಿತಿದೆ. ಇಲ್ಲಿದ್ದಷ್ಟೂ ಅದೇ ಗಟ್ಟಿಯಾಗುತ್ತೆ. ಇವತ್ತೇ ಕರ್ಕೊಂಡು ಹೋಗೋದು ಒಳ್ಳೇದು." ಕೆಲವು ವಾರ ಎಂದಿದ್ದರಲ್ಲ ಎಂದು ಕೇಳಲು ಬಾಯಿ ತೆರೆದ; ಬಂದದ್ದು, "ನಮ್ಮ ಅತ್ತೆಗೆ ಹೇಳಿಲ್ಲ" ಎಂಬ ಮಾತು. "ಮನೆಗೆ ಹೋಗಿ ಹೊರಟ್ರೆ ಎಲ್ಲರಿಗೂ ಇನ್ನೂ ಕಷ್ಟ ಸರ್. ಅಮ್ಮನಿಗೆ ನಾನು ಸಂಜೆ ಫೋನ್ ಮಾಡ್ತೀನಿ." ಅವಳು ತನ್ನ ಗಾಡಿಯನ್ನು ಮುಖ್ಯರಸ್ತೆಯ ಬಾಯಲ್ಲೇ ನಿಲ್ಲಿಸಿದ್ದಳು, ಅಲ್ಲಿಂದಲೇ ಕಾಣುತ್ತಿತ್ತು. ಹೊರಡುವಾಗ ಹೆಸರು ಹಿಡಿದು ಕರೆಯಬಾರದು, ತಬ್ಬಿಕೊಳ್ಳಬಾರದು, ನಾಯಿಗೆ ಗಾಬರಿಯಾಗುತ್ತದೆ ಎಂಬುದು ಅವನಿಗೆ ಗೊತ್ತಿದ್ದ ನಿಯಮ. ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿ ನಿಂತ. ಸಾಹೇಬ ಪಟ್ಟಿ ಹಿಡಿದವರ ಎಡಕ್ಕೆ, ಹಿಂದೆ ತಿರುಗಿ ನೋಡದೆ, ಹದವಾದ ಹೆಜ್ಜೆಯಲ್ಲಿ ಹೋಯಿತು. ಹಿಂದೆ ತಿರುಗಿ ನೋಡದಿರುವುದನ್ನು ಅವನೇ ಕಲಿಸಿದ್ದ. ತಿಂಗಳುಗಟ್ಟಲೆ ಹಿಡಿದಿತ್ತು ಅದಕ್ಕೆ, ಮತ್ತು ಅದೊಂದು ಪಾಠದಲ್ಲಿ ಮಾತ್ರ ಅವನು ಒಂದು ತಪ್ಪೂ ಮಾಡಿರಲಿಲ್ಲ. ಗಾಡಿಯ ಬಾಗಿಲು ಮುಚ್ಚಿತು.

"ಒಳಗೆ ಬನ್ನಿ ಸಾರ್" ಎಂದ ಕ್ಷೌರಿಕ. ಬೇರೆ ಎಲ್ಲಿಗೆ ಹೋಗಬೇಕೆಂದು ತೋಚದೆ ಅವನು ಹೋಗಿ ಕುರ್ಚಿಯಲ್ಲಿ ಕೂತ. ಕ್ಷೌರಿಕ ಬಿಳಿ ಬಟ್ಟೆ ಒದರಿ ಕತ್ತಿಗೆ ಕಟ್ಟಿ, ಬಾಚಣಿಗೆಯಿಂದ ಕೂದಲೆತ್ತಿ ನೋಡಿದ. "ಮೊನ್ನೆ ತಾನೇ ಮಾಡಿಸಿದೀರಿ. ಕತ್ತರಿಸೋಕೆ ಏನೂ ಇಲ್ಲ ಸಾರ್." "ಸುಮ್ನೆ ಕತ್ತರಿ ಆಡ್ಸಿ" ಎಂದ ಅವನು. ಕ್ಷೌರಿಕ ಕತ್ತರಿ ತೆಗೆದು ಅವನ ಕಿವಿಯ ಪಕ್ಕದ ಬರೀ ಗಾಳಿಯಲ್ಲಿ ಆಡಿಸತೊಡಗಿದ, ನಿಜವಾಗಿ ಕತ್ತರಿಸುವಾಗಿನ ಗಮನದಿಂದಲೇ, ಆಗಾಗ ನಿಲ್ಲಿಸಿ ಬಾಚುತ್ತ. ಬಟ್ಟೆಯ ಅಡಿಯಲ್ಲಿ ಅವನ ಕೈಗಳು ಹಿಡಿಯಲು ಏನೂ ಇಲ್ಲದೆ ಒಂದನ್ನೊಂದು ಹಿಡಿದುಕೊಂಡವು. ಕನ್ನಡಿಯಲ್ಲಿ ಐವತ್ತು ದಾಟಿದ ಒಬ್ಬ ಮನುಷ್ಯ ಬಾಯಿ ಸೊಟ್ಟ ಮಾಡಿಕೊಂಡು ಅಳುತ್ತಿದ್ದ. ಅಷ್ಟು ಕೆಟ್ಟದಾಗಿ ಅಳುವುದನ್ನು ಯಾರೂ ನೋಡಬಾರದಿತ್ತು. ಅವನು ಮುಖ ಪಕ್ಕಕ್ಕೆ ತಿರುಗಿಸಹೋದ. ಕ್ಷೌರಿಕ ಎರಡು ಬೆರಳಿನಿಂದ ಅವನ ಗಲ್ಲ ಹಿಡಿದು ಮತ್ತೆ ಕನ್ನಡಿಯ ಕಡೆಗೆ ನೇರ ಮಾಡಿ, "ಅಲ್ಲಾಡ್ಬೇಡಿ ಸಾರ್" ಎಂದ.